ಸೀಟಕ್ಕ ಕೂತ ಮೂರು ದಿನ

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಅನ್ನುತ್ತಾರೆ. ಇರಬಹುದು. ಆದರೆ ಕೂತುಕೊಂಡೇ ದುಡಿದು, ಕೂತುಕೊಂಡೇ ಹಟ ಸಾಧಿಸಿದ ಒಬ್ಬಾಕೆಯನ್ನು ನಾನು ಹನ್ನೆರಡು ವರ್ಷ ಹತ್ತಿರದಿಂದ ನೋಡಿದ್ದೇನೆ. ಹಿರಿಯೂರಿನ ಹೆದ್ದಾರಿ ಪಕ್ಕದ ಒಂದು ತಗಡಿನ ಶೆಡ್ಡಿನಲ್ಲಿ ಲಾರಿ, ಬಸ್ಸುಗಳ ಸೀಟಿಗೆ ಕುಶನ್ ಹಾಕುತ್ತಿದ್ದಳು. ಡ್ರೈವರುಗಳು ಸೀಟಕ್ಕ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಮನೆಯವರು ಇಟ್ಟ ಹೆಸರನ್ನು ಇಲ್ಲಿ ಬರೆದರೂ ಆ ಹೆದ್ದಾರಿಯಲ್ಲಿ ಯಾರಿಗೂ ಗುರುತು ಹತ್ತುವುದಿಲ್ಲ. ಹೋದ ತಿಂಗಳು ತೀರಿಕೊಂಡಳು. ಸುದ್ದಿ ಕೇಳಿದಾಗ ನನಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಬೆಂಗಳೂರಿನಲ್ಲಿ ನಡೆಯುವ ಕುರ್ಚಿ, ದೀಪಗಳ ಮುಂದಿನ ಪ್ರದರ್ಶನಕ್ಕೆ ಇಬ್ಬರೂ ಹೋಗುವುದು ಅಂತ ಮಾತಾಗಿತ್ತು. ಆಕೆ ನನಗೆ ಮಾತು ಕೊಟ್ಟು ತಪ್ಪಿದ್ದು ಅದೊಂದೇ ಸಲ. ಅಳು ಆಮೇಲೆ, ಅಂಗಡಿಯ ಶಟರ್ ಎಳೆಯುವಾಗ ಬಂತು.

ನನ್ನದು ಚಿತ್ರದುರ್ಗದಲ್ಲಿ ಲೈಟಿನ ಅಂಗಡಿ. ಬಲ್ಬು, ಟ್ಯೂಬು, ವೈರು, ಸ್ವಿಚ್ಚು, ಜೊತೆಗೆ ಈಚೆಗೆ ಮನೆ ಕಟ್ಟಿಸುವವರು ಕೇಳುವ ಫ್ಯಾನ್ಸಿ ದೀಪಗಳು. ಮುಂಗೋಪಿ ಅನ್ನುವ ಹೆಸರೂ ಇದೆ. ಬೇರೆಯವರ ಬಾಯಲ್ಲಿ ಕೇಳುವುದಕ್ಕಿಂತ ನಾನೇ ಹೇಳಿಬಿಡುವುದು ವಾಸಿ. ಒಂದು ದಿನ ಸೊಂಟಕ್ಕೆ ಸೆರಗು ಸಿಕ್ಕಿಸಿದ, ನಲವತ್ತು ದಾಟಿದ ಹೆಂಗಸೊಬ್ಬಳು ಬಂದು, "ಹೊಲಿಗೆ ಮಿಷಿನ್ ಮ್ಯಾಲೆ ಹಾಕಾಕೆ ಒಂದು ಲೈಟು ಬೇಕು. ಹಚ್ಚಿ ತೋರಿಸ್ರಿ" ಅಂದಳು. ಹಚ್ಚಿದೆ. ಆಕೆ ಸೆರಗಿನ ತುದಿಯಿಂದ ಸೂಜಿ ತೆಗೆದು ಅದರ ಕೆಳಗೆ ದಾರ ಪೋಣಿಸಲು ನೋಡಿದಳು. "ಇದು ಬ್ಯಾಡ, ಬ್ಯಾರೆ ಕೊಡ್ರಿ." ಇನ್ನೊಂದು ಹಚ್ಚಿದೆ. "ಇದೂ ಬ್ಯಾಡ." ಏಳನೆಯ ದೀಪಕ್ಕೆ ನನ್ನ ತಾಳ್ಮೆ ಮುಗಿಯಿತು.

"ಏನಮ್ಮ, ಇದು ಲೈಟಿನ ಅಂಗಡಿ. ಕಣ್ಣಿನ ಆಸ್ಪತ್ರೆ ಅಲ್ಲ" ಅಂದೆ.

ಆಕೆ ಬೇಸರ ಮಾಡಿಕೊಳ್ಳಲಿಲ್ಲ. "ಸೂಜಿಗೆ ದಾರ ಏರ್ಬೇಕಪ್ಪ. ಏರ್ಲಿಲ್ಲಾಂದ್ರೆ ಅದು ಬೆಳಕಲ್ಲ, ಬರೇ ಹಬ್ಬ" ಅಂದಳು.

ಒಂಬತ್ತನೆಯದಕ್ಕೆ ದಾರ ಏರಿತು. ಅದನ್ನೇ ಕಟ್ಟಿಸಿಕೊಂಡು ಹೋದಳು. ಅಷ್ಟು ವರ್ಷ ದೀಪ ಮಾರಿದ ನಾನು ಒಂದು ದೀಪದ ಕೆಳಗೂ ಕೂತು ಕೆಲಸ ಮಾಡಿ ನೋಡಿರಲಿಲ್ಲ ಅನ್ನುವುದು ಆಗ ಹೊಳೆಯಿತು. ಹೊಳೆದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಸೀಟಕ್ಕನ ಗಂಡನ ಮನೆ ಹಿರೇಗುಂಟನೂರು. ಕುರಿ ಸಾಕುವ ಮನೆತನ. ಗಂಡ ಮಾತ್ರ ಕುರಿ ಬಿಟ್ಟು ಲಾರಿ ಹಿಡಿದಿದ್ದ, ಹಿರಿಯೂರಿನಿಂದ ದೂರದೂರಿಗೆ ತೆಂಗಿನಕಾಯಿ ಲೋಡು ಹೊಡೆಯುತ್ತಿದ್ದ. ಮೂರು ವರ್ಷಕ್ಕೆ ಅವನ ಬೆನ್ನು ಬಿದ್ದುಹೋಯಿತು. ಡಾಕ್ಟರು ಮಾತ್ರೆ ಕೊಟ್ಟರು. ಅಕ್ಕ ಮಾತ್ರೆಯನ್ನು ಪಕ್ಕಕ್ಕಿಟ್ಟು ಲಾರಿ ಹತ್ತಿ, ಡ್ರೈವರ್ ಸೀಟಿನಲ್ಲಿ ಅರ್ಧ ದಿನ ಸುಮ್ಮನೆ ಕೂತಳು. ತನ್ನ ಬೆನ್ನಿನಲ್ಲೂ ಅದೇ ಜಾಗದಲ್ಲಿ ನೋವು ಎದ್ದ ಮೇಲೆ ಇಳಿದು ಬಂದು, ಸೀಟು ಹರಿದು, ಒಳಗಿದ್ದ ಸ್ಪಂಜು ಕಿತ್ತೆಸೆದು, ತೆಂಗಿನ ನಾರು ತುಂಬಿ ಹೊಲಿದಳು. ಗಂಡನ ಬೆನ್ನು ಪೂರ್ತಿ ಸರಿಹೋಗಲಿಲ್ಲ, ಅವನು ಕೊನೆಗೆ ಕುರಿಗಳ ಹಿಂದೆಯೇ ಹೋದ. ಆದರೆ ಆ ಸೀಟು ನೋಡಿದ ಬೇರೆ ಡ್ರೈವರುಗಳು ಬಿಡಲಿಲ್ಲ. ಶೆಡ್ಡು ಶುರುವಾದದ್ದು ಹಾಗೆ.

ಶೆಡ್ಡಿಗೆ ಒಂದು ಕಾನೂನಿತ್ತು. ಹೊಸ ಸೀಟು ಹೊಲಿದ ಕೂಡಲೆ ಕೊಡುವಂತಿಲ್ಲ. ಎಂಟು ದಿನ ಅದು ಶೆಡ್ಡಿನ ಮುಂದೆ ಹೊರಗೆ ಇರಬೇಕು. ಟೀ ಕುಡಿಯಲು ನಿಂತ ಡ್ರೈವರು, ಕ್ಲೀನರು, ಬಸ್ಸಿಗೆ ಕಾಯುವವರು, ಯಾರು ಬೇಕಾದರೂ ಕೂರಬಹುದು, ಎಷ್ಟು ಹೊತ್ತು ಬೇಕಾದರೂ ಕೂರಬಹುದು. ಇದಕ್ಕೆ ಆಕೆ ಪಳಗಿಸೋದು ಅನ್ನುತ್ತಿದ್ದಳು. "ನಾರು ಹಟಮಾರಿ ಕಣಪ್ಪ. ಹೊಸದ್ರಲ್ಲಿ ಕಲ್ಲಿನಂಗಿರ್ತೈತೆ. ಜನದ ಭಾರ, ಜನದ ಬಿಸಿ ತಾಗಿದ್ ಮ್ಯಾಲೆ ಮಾತು ಕೇಳ್ತೈತೆ. ಒಂದ್ಸಲ ಕೇಳ್ತು ಅಂದ್ರೆ ಹತ್ತು ವರ್ಷ ಬಾಗಾಕಿಲ್ಲ." ಅವಸರದ ಗಿರಾಕಿ ಎಷ್ಟು ಕೂಗಾಡಿದರೂ ಒಂಬತ್ತನೆಯ ದಿನ ಬೆಳಿಗ್ಗೆಯೇ ಸೀಟು ಕೈಗೆ ಸಿಗುತ್ತಿದ್ದದ್ದು.

ಪ್ರದರ್ಶನಗಳ ಹುಚ್ಚು ಹಿಡಿಸಿದ್ದು ನಾನೇ. ಬೆಂಗಳೂರಿನಲ್ಲಿ ವರ್ಷಕ್ಕೊಮ್ಮೆ ಹೊಸ ನಮೂನೆಯ ಪೀಠೋಪಕರಣ, ದೀಪ, ಒಳಾಂಗಣ ಅಲಂಕಾರ ಎಲ್ಲ ಸೇರಿಸಿ ಒಂದು ದೊಡ್ಡ ಪ್ರದರ್ಶನ ನಡೆಯುತ್ತದೆ. ವ್ಯಾಪಾರಸ್ಥರಿಗೆ ಪಾಸು ಬರುತ್ತದೆ. ನಾನು ಹೋಗುತ್ತಿದ್ದದ್ದು ಕ್ಯಾಟಲಾಗು ತುಂಬಿಕೊಡುವ ಚೀಲಗಳಿಗಾಗಿ ಮತ್ತು ಮಧ್ಯಾಹ್ನದ ಊಟಕ್ಕಾಗಿ, ಸುಳ್ಳು ಯಾಕೆ ಹೇಳಲಿ. ಒಂದು ವರ್ಷ ಒಂದು ಪಾಸು ಹೆಚ್ಚಿಗೆ ಬಂದಿತ್ತು. ಅಕ್ಕನಿಗೆ ಹೇಳಿದೆ. "ಬರೇ ಕುರ್ಚಿ ನೋಡಾಕೆ ಬೆಂಗ್ಳೂರಿಗಾ? ನಡಿ, ಹೋಗಾಣ" ಅಂದಳು. ನಾನು ದುರ್ಗದಲ್ಲಿ ಬಸ್ಸು ಹತ್ತಿ ಪಕ್ಕದ ಸೀಟು ಹಿಡಿದಿಟ್ಟೆ. ಹಿರಿಯೂರಿನಲ್ಲಿ ಹತ್ತಿದವಳು ನನ್ನನ್ನು ಮಾತಾಡಿಸುವ ಮೊದಲು ಸೀಟಿನ ಅಂಚಿಗೆ ಬೆರಳು ತೂರಿಸಿ, "ಥೂ, ಫೋಮು" ಅಂದಳು.

ಒಳಗೆ ಹೋದರೆ ಕಣ್ಣು ಕೋರೈಸುವಂಥ ಲೋಕ. ಬಗ್ಗಿಸಿದ ಕಬ್ಬಿಣದ ಕುರ್ಚಿ, ಆಚೆಗಿರುವುದು ಕಾಣುವಂಥ ಪ್ಲಾಸ್ಟಿಕ್ ಕುರ್ಚಿ, ಸೂರಿನಿಂದ ಇಳಿಬಿಟ್ಟ ಬುಟ್ಟಿಯಂಥ ಉಯ್ಯಾಲೆ, ಮಂಚದ ಕೆಳಗೆಲ್ಲ ಬೆಳಕಿನ ಪಟ್ಟಿ. ಜನ ಫೋಟೋ ಹೊಡೆಯುತ್ತ ಓಡುತ್ತಿದ್ದರು. ಅಕ್ಕ ಓಡಲಿಲ್ಲ. ಮೊದಲ ಮಳಿಗೆಯ ಮೊದಲ ಕುರ್ಚಿಯಲ್ಲಿ ಕೂತಳು. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ನಾನು ಕೈಗಡಿಯಾರ ನೋಡಿದೆ.

"ಏಳಕ್ಕ, ಇನ್ನೂ ಇನ್ನೂರು ಮಳಿಗೆ ಇದಾವೆ."

"ಐದು ನಿಮಿಷದ ಸುಖ ಎಲ್ಲಾ ಕುರ್ಚಿನೂ ಕೊಡ್ತೈತೆ ತಮ್ಮ. ಅರ್ಧ ಗಂಟೆ ಆದ್ ಮ್ಯಾಲೆ ಅದ್ರ ಹಣೆಬರ ಗೊತ್ತಾಗಾದು. ಕುಂತು ನೋಡ್ಬೇಕು."

ಆ ದಿನ ನಾವು ನೋಡಿದ್ದು ಒಂಬತ್ತೇ ಮಳಿಗೆ. ಆದರೆ ಆ ಒಂಬತ್ತರಲ್ಲಿದ್ದ ಕುರ್ಚಿಗಳ ಬಗ್ಗೆ ಆಕೆಗೆ ಗೊತ್ತಾದಷ್ಟು ಅವುಗಳನ್ನು ಮಾರುವವರಿಗೂ ಗೊತ್ತಿರಲಿಕ್ಕಿಲ್ಲ. ಯಾವುದು ತೊಡೆಯ ಕೆಳಗೆ ಒತ್ತುತ್ತದೆ, ಯಾವುದರಿಂದ ಏಳಲು ಮುದುಕರಿಗೆ ಇನ್ನೊಬ್ಬರ ಕೈ ಬೇಕು, ಯಾವುದರಲ್ಲಿ ಸೀರೆ ಉಟ್ಟವಳು ಕೂತರೆ ಸೆರಗು ಸಿಕ್ಕಿಕೊಳ್ಳುತ್ತದೆ, ಎಲ್ಲ ಹೇಳಿದಳು. ಆ ಬುಟ್ಟಿ ಉಯ್ಯಾಲೆಯನ್ನು ಮಾತ್ರ ಮೆಚ್ಚಿದಳು. "ಇದ್ರಲ್ಲಿ ಕುಂತ್ರೆ ಅತ್ತೆ ಬೈಗುಳನೂ ಜೋಗುಳ ಆಗ್ತೈತೆ" ಅಂದಳು.

ನಾನು ಅದೇ ಪ್ರದರ್ಶನದಲ್ಲಿ ಉದ್ದ ಸರಪಳಿಯ ಇಳಿಬಿಡುವ ದೀಪಗಳನ್ನು ಕಂಡು ಮರುಳಾಗಿ ಎರಡು ಡಜನ್ ಹೇಳಿಬಂದೆ. "ಇಲ್ಲಿ ಸೂರು ಮೂವತ್ತಡಿ ಐತೆ. ನಮ್ಮ ಮನೆಗಳವು ಹತ್ತಡಿ. ಹಣೆಗೆ ಬಡೀತವೆ" ಅಂದಳು. ಕೇಳಿದರೆ ನಾನು ನಾನಲ್ಲ. ಹೊಳಲ್ಕೆರೆಯಲ್ಲಿ ಅಡಿಕೆ ವ್ಯಾಪಾರಿಯೊಬ್ಬರ ಹೊಸ ಮನೆಗೆ ಮೊದಲ ದೀಪ ಹಾಕಿದೆ. ಗೃಹಪ್ರವೇಶದ ದಿನ ಅವರ ಬೀಗರೇ ಅದಕ್ಕೆ ಹಣೆ ಕೊಟ್ಟರು. ಉಳಿದ ದೀಪಗಳ ಸರಪಳಿಯನ್ನೆಲ್ಲ ನಾನು ಕೂತು ಕತ್ತರಿಸಬೇಕಾಯಿತು. ಅಕ್ಕ ಬಂದು ನೋಡಿ ಏನೂ ಅನ್ನಲಿಲ್ಲ, ಕತ್ತರಿಸಿದ ಸರಪಳಿಗಳನ್ನು ಕೇಳಿ ತಗೊಂಡು ಹೋದಳು. ಏನಾದರೂ ಅಂದಿದ್ದರೆ ನನಗೆ ಸುಲಭವಾಗುತ್ತಿತ್ತು.

ಹೊಸದುರ್ಗದಲ್ಲಿ ಒಂದು ಸಲ ಕಲ್ಯಾಣ ಮಂಟಪದಲ್ಲಿ ಸೋಫಾ ಮೇಳ ಹಾಕಿದ್ದರು. ಅಲ್ಲಿ ಅಕ್ಕ ಒಂದು ಸೋಫಾವನ್ನು ಎತ್ತಿ ಬೋರಲು ಹಾಕಿಯೇಬಿಟ್ಟಳು. "ಮುಖ ಎಲ್ರೂ ತೊಳ್ಕಂಡೇ ಬಂದಿರ್ತಾರೆ. ಹೊಟ್ಟೆ ನೋಡ್ಬೇಕು" ಅನ್ನುವುದು ಆಕೆಯ ಸಿದ್ಧಾಂತ. ತಳದ ಬಟ್ಟೆ ಹಳೆಯದಾಗಿ ಪರ್ರೆಂದಿತು, ಒಳಗಿಂದ ಹರಿದ ಗೋಣಿಚೀಲ, ಥರ್ಮೋಕೋಲು ಉದುರಿದವು. ಮಳಿಗೆಯವನು ಕೂಗಾಡಿದ, ಜನ ಸೇರಿದರು. ನಾನು ನನಗೆ ಆಕೆಯ ಪರಿಚಯವೇ ಇಲ್ಲ ಅನ್ನುವಂತೆ ಎರಡು ಹೆಜ್ಜೆ ಹಿಂದೆ ಸರಿದೆ, ಈಗ ನೆನೆದರೆ ನಾಚಿಕೆಯಾಗುತ್ತದೆ. ಅಕ್ಕ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, ಉದುರಿದ್ದನ್ನೆಲ್ಲ ಒಳಗೆ ತುಂಬಿ, ತನ್ನ ಡೊಂಕು ಸೂಜಿಯಿಂದ ಹರಿದದ್ದನ್ನು ಹೊಲಿದುಕೊಟ್ಟಳು. "ಹರಿದಿದ್ದು ನಾನು, ಹೊಲಿದೀನಿ. ತುಂಬಿದ್ದು ನೀನು. ಅದ್ನ ನೀನೇ ನೋಡ್ಕ" ಅಂದು ಎದ್ದಳು.

ಹೀಗೆ ಏಳೆಂಟು ವರ್ಷ ಸುತ್ತಿದೆವು. ಇಷ್ಟೆಲ್ಲ ನೋಡಿ ಏನು ಮಾಡುತ್ತೀಯಾ ಅಂತ ನಾನು ಕೇಳಿದ್ದೂ ಉಂಟು. ಆಗ ನಗುತ್ತಿದ್ದಳು. ಆಮೇಲೆ ನಗಲಾರದ ಕಾಲ ಬಂತು. ಹೊಸ ಬಸ್ಸುಗಳು ಕಾರ್ಖಾನೆಯಿಂದಲೇ ಅಚ್ಚು ಹಾಕಿದ ಸೀಟು ತರತೊಡಗಿದವು. ಹಾಳಾದರೆ ಹೊಲಿಸುವುದಿಲ್ಲ, ಬಿಚ್ಚಿ ಇನ್ನೊಂದು ಕೂರಿಸುತ್ತಾರೆ. ಲಾರಿಗಳದೂ ಅದೇ ಕತೆ. ಶೆಡ್ಡಿನಲ್ಲಿ ಅಕ್ಕನ ಕೈ ಕೆಳಗೆ ನಾಲ್ಕು ಜನ ಹೆಂಗಸರು ಮಿಷಿನ್ ತುಳಿಯುತ್ತಿದ್ದರು. ಕೆಲಸ ಕಲಿಸಿ ಕೂರಿಸಿದವಳು ಆಕೆಯೇ. ಒಂದು ವರ್ಷದಲ್ಲಿ ಎರಡು ಮಿಷಿನ್ ನಿಂತವು. "ಸೀಟು ಹೋದ್ರೆ ಹೋಗ್ಲಿ. ಕುಂದ್ರೋ ಜನ ಹೋಗ್ತಾರಾ? ಮನೆ ಕುರ್ಚಿ ಮಾಡ್ತೀನಿ. ಈ ನಾಲ್ಕು ಜನಾನ ನಾನು ಬೀದಿಗೆ ಕಳ್ಸಾಕಿಲ್ಲ" ಅಂದಳು. ಆಕೆ ಹಾಗೆ ಅಂದದ್ದು ಒಂದೇ ಸಲ, ಗಟ್ಟಿಯಾಗಿಯೂ ಅಲ್ಲ. ಆದರೆ ಆಮೇಲೆ ಪ್ರದರ್ಶನಕ್ಕೆ ಬರುವಾಗ ನೋಡುವವಳ ಹಾಗೆ ಬರಲಿಲ್ಲ, ಹುಡುಕುವವಳ ಹಾಗೆ ಬಂದಳು.

ಹುಡುಕಿದ್ದು ಸಿಕ್ಕಿದ್ದು ಹೀಗೆ. ಬೆಂಗಳೂರಿನ ಪ್ರದರ್ಶನದಲ್ಲಿ ಒಂದು ಮಳಿಗೆ, ಅದರೊಳಗೆ ಹೊರದೇಶದ ಉಣ್ಣೆ ಬಟ್ಟೆ ಹೊದಿಸಿದ ಸೋಫಾ. ಅಕ್ಕ ಬಗ್ಗಿ ಅದಕ್ಕೆ ಕೆನ್ನೆ ಉಜ್ಜಿ ನೋಡಿದಳು. ಮಳಿಗೆಯ ಡಿಸೈನರ್ ಮೇಡಂ, ಮೂವತ್ತರ ಆಸುಪಾಸಿನ ಹುಡುಗಿ, ಗಾಬರಿಯಿಂದ ಓಡಿಬಂದಳು. ಅಕ್ಕ ನೆಟ್ಟಗೆ ನಿಂತು, "ಇದು ನಮ್ಮನೆ ಕಂಬಳಿನೇ ಕಣ್ ತಂಗಿ. ನಮ್ದು ಇನ್ನೂ ಗಟ್ಟಿ" ಅಂದಳು. ಮುಂದಿನ ಒಂದು ಗಂಟೆ ಇಬ್ಬರೂ ಉಣ್ಣೆ, ನಾರು, ಹೊಲಿಗೆ ಅಂತ ಮಾತಾಡಿದರು. ನಾನು ನಿಂತು ನಿಂತು ಕಾಲು ಹಿಡಿಸಿಕೊಂಡೆ. ಕೊನೆಗೆ ಮೇಡಂ ಹೇಳಿದಳು: ಕಂಬಳಿ ಹೊದಿಸಿ, ನಾರು ತುಂಬಿ ಒಂದು ಕುರ್ಚಿ ಮಾಡಿಕೊಡಿ, ಮುಂದಿನ ಪ್ರದರ್ಶನದಲ್ಲಿ ನನ್ನ ಮಳಿಗೆಯಲ್ಲಿ ಇಡುತ್ತೇನೆ, ನಾಲ್ಕಾರು ಹೋಟೆಲು ಇರುವವರೊಬ್ಬರು ನಮ್ಮ ಊರಿನದೇ ಸಾಮಾನು ಬೇಕು ಅಂತ ಹುಡುಕುತ್ತಿದ್ದಾರೆ, ಅವರಿಗೆ ಹಿಡಿಸಿದರೆ ಒಂದು ವರ್ಷದ ಕೆಲಸ.

ಹೊಳಲ್ಕೆರೆಯ ಬಡಗಿಯೊಬ್ಬ ಮರದ ಚೌಕಟ್ಟು ಮಾಡಿಕೊಟ್ಟ. ಅಕ್ಕನ ಮಾವ, ಎಂಬತ್ತರ ಹತ್ತಿರದ ಕುರಿಗಾರ, ತನ್ನ ಕುರಿಗಳ ಉಣ್ಣೆಯಿಂದಲೇ ನೇಯಿಸಿದ ಒಂದು ಕರಿ ಕಂಬಳಿ ಕಳಿಸಿದರು. ಇಲ್ಲಿ ಅಕ್ಕ ಒಂದು ತಪ್ಪು ಮಾಡಿದಳು. ಮಾವನ ಕೈಯಿಂದ ಬಂದ ಕಂಬಳಿಗೆ ಕತ್ತರಿ ಹಾಕಲು ಮನಸ್ಸಾಗದೆ, ಅಂಚು ಸಮೇತ ಇಡೀ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಹಾಗೇ ಸೀಟಿನ ಮೇಲೆ ಕೂರಿಸಿ ಹೊಲಿದಳು. ನೋಡಲು ಬಹಳ ಚೆನ್ನಾಗಿತ್ತು. ಕಾನೂನಿನಂತೆ ಕುರ್ಚಿಯನ್ನು ಶೆಡ್ಡಿನ ಮುಂದಿಟ್ಟು, ಮಗಳ ಬಾಣಂತನಕ್ಕೆಂದು ಹತ್ತು ದಿನ ದಾವಣಗೆರೆಗೆ ಹೋದಳು. ಮೇಡಂ ಕಳಿಸಿದ ಟೆಂಪೋ ಒಂಬತ್ತನೆಯ ದಿನ ಬಂದು ಕುರ್ಚಿ ಒಯ್ದಿತು. ಅಕ್ಕ ದಾವಣಗೆರೆಯಿಂದ ನೇರ ಬೆಂಗಳೂರಿಗೆ ಬಂದಳು, ನಾನು ದುರ್ಗದಿಂದ ಹೋದೆ. ಉಳಿಯಲು ನನ್ನ ತಂಗಿಯ ಮನೆ ಇತ್ತು.

ಪ್ರದರ್ಶನದ ಮೊದಲ ದಿನ, ಬಾಗಿಲು ತೆಗೆದು ಅರ್ಧ ಗಂಟೆಗೇ ಹೋಟೆಲಿನ ಯಜಮಾನರು ಬಂದರು. ಬಿಳಿ ಶರ್ಟು, ಕಡಿಮೆ ಮಾತು. ಕುರ್ಚಿಯ ಸುತ್ತ ಒಂದು ಸುತ್ತು ಬಂದರು, ಮುಖ ಅರಳಿತು. ಕೂತರು, ಅರಳಿದ ಮುಖ ಮುದುಡಿತು. ಅರ್ಧ ನಿಮಿಷದಲ್ಲಿ ಎದ್ದು, "ನೋಡೋಕೆ ಚೆಂದ. ಕೂರೋಕೆ ಕಲ್ಲು ಬೆಂಚು" ಅಂದರು. ಮೇಡಂ ಏನೇನೋ ಹೇಳಿದಳು. "ಸರಿ, ಕೊನೇ ದಿನ ಸಂಜೆ ಫೈನಲ್ ಮಾಡೋಕೆ ಬರ್ತೀನಿ. ಅಷ್ಟರಲ್ಲಿ ಬೇರೆ ಏನಾದ್ರೂ ಇದ್ರೆ ತೋರಿಸಿ" ಅಂತ ಹೊರಟರು.

ಅಕ್ಕ ಹೋಗಿ ಕೂತಳು. ಕೂತ ಕ್ಷಣವೇ ಆಕೆಗೆ ಗೊತ್ತಾಯಿತು. "ಇದ್ರ ಮ್ಯಾಲೆ ಒಬ್ಬ ನರಪಿಳ್ಳೆನೂ ಕುಂತಿಲ್ಲ" ಅಂದಳು. ಸೀಟಿಗೂ ಒರಗುವ ಬೆನ್ನಿಗೂ ನಡುವಿನ ಸಂದಿಗೆ ಕೈ ಹಾಕಿದಳು. ಒಣಗಿದ ಚೆಂಡು ಹೂವು ಬಂತು, ಒಂದಲ್ಲ, ಏಳೆಂಟು. ಬೆರಳ ತುದಿಗೆ ಅರಿಸಿನ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕರಿ ಕಂಬಳಿಯನ್ನು ಮಡಿಸಿ ಹಾಸಿದರೆ ಅದು ಗದ್ದುಗೆ. ದೇವರನ್ನು ಇಳಿಸುವುದು ಅದರ ಮೇಲೆ. ಅಕ್ಕ ಶೆಡ್ಡಿಗೆ ಫೋನು ಮಾಡಿದಳು, ಸ್ಪೀಕರಿನಲ್ಲಿ ನಾನೂ ಕೇಳಿಸಿಕೊಂಡೆ. ಆ ಕಡೆಯ ಹೆಂಗಸು ಒಂದು ಚೂರೂ ಅಳುಕಿಲ್ಲದೆ, "ಹೂಂ ಅಕ್ಕ, ಯಾರೂ ಕುಂತಿಲ್ಲ. ಗದ್ದಿಗೆ ಮ್ಯಾಲೆ ಯಾರು ಕುಂತಾರು? ಡ್ರೈವರ್‌ಗೋಳೆಲ್ಲ ಕೈ ಮುಗಿದು ನಿಂತ್ಕಂಡೇ ಟೀ ಕುಡಿದ್ರು. ನಾವು ದಿನಾ ಹೂವ ಇಟ್ವಿ. ನೀನು ಹೊರಗಿಟ್ಟು ಹೋಗಿದ್ದು ಪೂಜೆಗೆ ಅಂದ್ಕಂಡ್ವಲ್ಲ" ಅಂದಳು.

ನನಗೆ ನಗು ತಡೆಯಲಾಗಲಿಲ್ಲ. ಅಕ್ಕನ ಮುಖ ನೋಡಿ ನಗು ನಿಂತಿತು. ಆಕೆಯ ಕಣ್ಣು ತುಂಬಿದ್ದನ್ನು ನಾನು ಮೊದಲ ಸಲ ನೋಡಿದೆ. ಆಮೇಲೆ ಮೂಗು ಒರೆಸಿಕೊಂಡು, ಚೀಲದಿಂದ ಹೊಲಿಗೆಯ ಬಟ್ಟೆ ತೆಗೆದುಕೊಂಡು, ಕುರ್ಚಿಯಲ್ಲಿ ನೆಟ್ಟಗೆ ಕೂತಳು.

"ಕೊನೇ ದಿನ ಸಂಜೆಗೆ ಎಷ್ಟು ಹೊತ್ತೈತೆ?"

"ಇವತ್ತು ಸೇರಿದ್ರೆ ಮೂರು ಹಗಲು" ಅಂದೆ.

"ಎಂಟು ದಿನದ ಭಾರ ಮೂರು ದಿನದಾಗೆ ಹಾಕ್ಬೇಕು. ಹೋಗಿ ನಂಗೊಂದು ಟೀ ತಗಂಬಾ."

ಮೇಡಂ ಬಂದು ನೋಡಿ ಕೆಂಪಾದಳು. "ಆಂಟಿ, ಇದು ಡಿಸ್‌ಪ್ಲೇ. ಮಾಡಿದವರೇ ಕೂತ್ಕೊಂಡ್ರೆ ಹೇಗೆ? ಎದ್ದೇಳಿ ಪ್ಲೀಸ್. ಈ ಪೀಸ್ ಹಿಂದೆ ಇಟ್ಬಿಡ್ತೀನಿ."

"ಹಿಂದಕ್ಕಿಟ್ರೆ ಹಿಂದ್ಗಡೆ ಕುಂತ್ಕಂತೀನಿ" ಅಂದಳು ಅಕ್ಕ. "ತಪ್ಪು ನಂದು ತಂಗಿ. ಸರಿ ಮಾಡಾಕೆ ಬಿಡು."

ಮೇಡಂ ನನ್ನ ಕಡೆ ನೋಡಿದಳು. ಹೊಸದುರ್ಗದಲ್ಲಿ ಹಿಂದೆ ಸರಿದಿದ್ದ ಎರಡು ಹೆಜ್ಜೆಯನ್ನು ಆ ದಿನ ಮುಂದಿಟ್ಟೆ ಅನ್ನಬೇಕು. "ಅವರು ಏಳೋದಿಲ್ಲ ಮೇಡಂ. ನನಗೆ ಗೊತ್ತು" ಅಂದೆ.

ಅಕ್ಕ ಹಾಗೆ ಕೂತಳು ನೋಡಿ. ಬೆಳಿಗ್ಗೆ ಬಾಗಿಲು ತೆಗೆಯುವಾಗ ಕೂತರೆ ಸಂಜೆ ದೀಪ ಆರಿಸುವವರೆಗೆ. ಒಂದೇ ಕಡೆ ಅಲ್ಲ, ಎಡಕ್ಕೆ ಒಂದು ಗಂಟೆ, ಬಲಕ್ಕೆ ಒಂದು ಗಂಟೆ, ಮುಂದಕ್ಕೆ, ಹಿಂದಕ್ಕೆ. ಕೈ ಸುಮ್ಮನಿರದೆ ಬೇರೆ ದಿಂಬಿಗೆ ಹೊಲಿಗೆ ಹಾಕುತ್ತಿದ್ದಳು. ಊಟಕ್ಕೆ ಎದ್ದಾಗ ನನ್ನನ್ನು ಕೂರಿಸುತ್ತಿದ್ದಳು. "ನಿನ್ನ ತೂಕ ಏನೂ ಸಾಲದು, ಆದ್ರೂ ಇರ್ಲಿ" ಅನ್ನುತ್ತಿದ್ದಳು. ಯಾರಾದರೂ ಕುತೂಹಲಕ್ಕೆ ನಿಂತರೆ ಸಾಕು, ಎದ್ದು, "ಬರ್ರಿ, ಕುಂತ್ಕಳ್ರಿ" ಅಂತ ಜಾಗ ಕೊಡುತ್ತಿದ್ದಳು. ಎರಡನೆಯ ದಿನಕ್ಕೆ ಕುಂಕುಮ, ಕಂಬಳಿ, ಸೂಜಿ ಸಮೇತ ಕೂತ ಆಕೆಯೂ ಪ್ರದರ್ಶನದ ಒಂದು ಭಾಗ ಅಂತ ತಿಳಿದು ಜನ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳತೊಡಗಿದರು. ಮೇಡಂನ ಮಳಿಗೆಗೆ ಯಾವತ್ತೂ ಇಲ್ಲದಷ್ಟು ಜನ ಬಂತು, ಅವಳ ಕೋಪ ಅರ್ಧ ಇಳಿಯಿತು. ನಾನು ಪಕ್ಕದ ಮಳಿಗೆಯವರ ಕಣ್ಣು ಚುಚ್ಚುವ ದೀಪವನ್ನು ಸ್ವಲ್ಪ ತಿರುಗಿಸಿ ಇಡಿಸಿದೆ, ಅಕ್ಕನ ಸೂಜಿಗೆ ದಾರ ಏರಲಿ ಅಂತ. ಸಂಜೆ ಬಸ್ಸಿನಲ್ಲಿ ಮನೆಗೆ ಹೋಗುವಾಗ ಮಾತ್ರ ಆಕೆ ಖಾಲಿ ಸೀಟಿದ್ದರೂ ಕೂರದೆ ಕಂಬಿ ಹಿಡಿದು ನಿಂತಿರುತ್ತಿದ್ದಳು. ಸೊಂಟ ಎಷ್ಟು ನೋಯುತ್ತಿತ್ತೋ, ಕೇಳಿದರೆ ಹೇಳುವವಳಲ್ಲ.

ಮೂರನೆಯ ದಿನ ಮಧ್ಯಾಹ್ನದ ಹೊತ್ತಿಗೆ ನಾನು ಕೂತಾಗ ವ್ಯತ್ಯಾಸ ಗೊತ್ತಾಯಿತು. ಕುರ್ಚಿ ನನ್ನನ್ನು ಒಳಗೆ ಬಿಟ್ಟುಕೊಂಡಿತು. ಏಳಲು ಮನಸ್ಸಾಗಲಿಲ್ಲ. ಅಕ್ಕ ನನ್ನ ಮುಖ ನೋಡಿ ತಲೆಯಾಡಿಸಿದಳು.

ಸಂಜೆ ಯಜಮಾನರು ಬಂದರು. ಮನಸ್ಸಿಲ್ಲದ ಮನಸ್ಸಿನಿಂದ ಕೂತರು. ಐದು ನಿಮಿಷ, ಹತ್ತು ನಿಮಿಷ. ಕಾಲು ಚಾಚಿದರು, ಒರಗಿದರು. "ಇದು ಮೊನ್ನೆಯ ಕುರ್ಚಿ ಅಲ್ಲ" ಅಂದರು.

"ಹೌದು ಸಾರ್, ಮೊನ್ನೆಯದು ಬರೀ ಸ್ಯಾಂಪಲ್. ಇದು ಫೈನಲ್ ಪೀಸ್" ಅಂದಳು ಮೇಡಂ ತಡಮಾಡದೆ.

ಕೆಲಸ ಆಯಿತು ಅಂದುಕೊಂಡೆ. ಅಷ್ಟರಲ್ಲಿ ಅಕ್ಕನ ಬಾಯಿ.

"ಅಲ್ಲ ಸ್ವಾಮಿ, ಅದೇ ಕುರ್ಚಿ. ಮೂರು ದಿನದಿಂದ ನಾನು ಕುಂತಿದೀನಿ, ಜನಾನೂ ಕುಂತವ್ರೆ, ಅದ್ಕೇ ಪಳಗೈತೆ. ನಿಮಗೆ ಕೊಡೋ ಒಂದೊಂದ್ರ ಮ್ಯಾಲೂ ನಮ್ ಹೆದ್ದಾರಿ ಜನ ಎಂಟು ದಿನ ಕುಂತ್ ಮ್ಯಾಲೇ ಕೊಡೋದು."

ಯಜಮಾನರು ಎದ್ದುಬಿಟ್ಟರು. "ಅಂದ್ರೆ ಯಾರ್ಯಾರೋ ಕೂತಿದ್ದನ್ನ ನನಗೆ ಹೊಸದು ಅಂತ ಕೊಡ್ತೀರಾ?"

"ಹೊಸದು ಅಂತ ಯಾಕೆ ಹೇಳ್ಲಿ? ಪಳಗಿದ್ದು ಅಂತ ಹೇಳೇ ಕೊಡ್ತೀನಿ."

"ಕೂರಿಸದೆ ಕೊಡೋಕೆ ಆಗಲ್ವಾ?"

"ಆಗಾಕಿಲ್ಲ ಸ್ವಾಮಿ."

ಅವರು "ಯೋಚನೆ ಮಾಡ್ತೀನಿ" ಅಂತ ಹೋದರು. ನಾನೂ ವ್ಯಾಪಾರಸ್ಥ. ಯೋಚನೆ ಮಾಡ್ತೀನಿ ಅಂದರೆ ಏನು ಅಂತ ನನಗೆ ಗೊತ್ತು. ಮೇಡಂ ಅಳುವುದೊಂದು ಬಾಕಿ.

ಊರಿನ ಬಸ್ಸಿನಲ್ಲಿ ತುಮಕೂರು ದಾಟುವವರೆಗೆ ಬೈದೆ. ಬಾಯಿ ಮುಚ್ಚಿಕೊಂಡಿದ್ದಿದ್ದರೆ ಏನು ಗಂಟು ಹೋಗುತ್ತಿತ್ತು, ನಾಲ್ಕು ಜನ ಹೆಂಗಸರ ಅನ್ನವನ್ನು ಕೈಯಾರೆ ಚೆಲ್ಲಿದೆಯಲ್ಲ ಅಂದೆ. ಆಕೆ ಪೂರ್ತಿ ಕೇಳಿಸಿಕೊಂಡಳು.

"ನಾಳೆ ಕೂರಿಸಿಲ್ಲದ್ದು ಹತ್ತಿಪ್ಪತ್ತು ಕೊಡ್ತೀನಿ ಅಂತಿಟ್ಕ. ಅವೆಲ್ಲ ಕಲ್ಲು ಅಂತ ಆಯಪ್ಪ ವಾಪಸ್ ಕಳಿಸ್ತಾನೆ. ಆಗ ಆ ನಾಲ್ಕು ಜನ ಹೊಲಿಯಾಕೇ ಬರಲ್ಲ ಅನ್ನಿಸ್ಕಂತಾರೆ. ಕೆಲ್ಸ ಇಲ್ದಿದ್ರೆ ಇನ್ನೊಂದು ಹುಡುಕ್ಬೋದು ತಮ್ಮ. ಕ್ಯಾಮೆ ಬರಲ್ಲ ಅನ್ನೋ ಹೆಸ್ರು ಬಂದ್ ಮ್ಯಾಲೆ ಎಲ್ಲಿ ಹುಡುಕ್ತೀಯ?"

ನಾನು ಕಿಟಕಿಯ ಕಡೆ ತಿರುಗಿದೆ.

ಕುರ್ಚಿ ಹಿರಿಯೂರಿಗೆ ವಾಪಸು ಬಂತು. ಅಕ್ಕ ಅದನ್ನು ಮತ್ತೆ ಶೆಡ್ಡಿನ ಮುಂದೆಯೇ ಇಟ್ಟಳು. ತಾನು ಕೂತು ತೋರಿಸಿದಳು. ಆದರೂ ಒಬ್ಬನೂ ಹತ್ತಿರ ಸುಳಿಯಲಿಲ್ಲ. ಮೂರನೆಯ ದಿನ ಹಿರೇಗುಂಟನೂರಿಗೆ ಹೇಳಿಕಳಿಸಿ ಮಾವನನ್ನೇ ಕರೆಸಿದಳು. ಊರಿನಲ್ಲಿ ಗದ್ದುಗೆ ಹಾಸುವುದು ಆ ಮುದುಕರೇ. ನಾನು ಆ ದಿನ ಶೆಡ್ಡಿಗೆ ಹೊಸ ದೀಪ ಹಾಕಲು ಹೋಗಿದ್ದೆ. ಮುದುಕರು ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬಸ್ಸಿಳಿದು ಬಂದರು. ಕುರ್ಚಿಯನ್ನು ನೋಡಿದರು, ತಾವು ಕಳಿಸಿದ ಕಂಬಳಿಯ ಅಂಚು ಮುಟ್ಟಿದರು. ಡ್ರೈವರುಗಳು ಟೀ ಲೋಟ ಹಿಡಿದು ಸುತ್ತ ನಿಂತರು.

"ಕತ್ತರಿ ಹಾಕ್ಲಿಲ್ಲ ಮಾವ, ಮನಸ್ಸು ಬರ್ಲಿಲ್ಲ" ಅಂದಳು ಅಕ್ಕ. "ತಪ್ಪಾತಾ?"

ಮುದುಕರು ಹೊಲಿಗೆಯ ಮೇಲೆ ಬೆರಳಾಡಿಸಿದರು. ಇವರು ತಪ್ಪು ಅಂದರೆ ಶೆಡ್ಡಿನ ಕತೆ ಅಲ್ಲಿಗೆ ಮುಗಿಯಿತು.

"ದೇವ್ರನ್ನ ಕರೆದಾಗ ಅದು ಗದ್ದಿಗೆ ಕಣವ್ವ" ಅಂದರು ಕೊನೆಗೆ. "ಕರೀದೆ ಇದ್ದಾಗ ಮಳೆಗೆ ಕೊಪ್ಪೆ, ಚಳಿಗೆ ಹೊದಿಕೆ. ಆಗ ತಾನೇ ಹುಟ್ಟಿದ ಮರೀನೂ ಇದ್ರಾಗೇ ಸುತ್ಕಂಡು ಬರ್ತೀವಿ. ನೀನು ಕರೆದಿಲ್ಲ ತಾನೇ?"

"ಇಲ್ಲ ಮಾವ."

"ಮತ್ತೇನು" ಅಂದು, ಚಪ್ಪಲಿ ಬಿಡದೆ, ಕೋಲು ಪಕ್ಕಕ್ಕೆ ಒರಗಿಸಿ ಕೂತರು.

ಆಮೇಲೆ ಏಳಲೇ ಇಲ್ಲ ಅಂತ ಹೇಳಬೇಕು. ಊರಿಗೆ ಹೋಗುವ ಮಾತೂ ಆಡದೆ ಹಿರಿಯೂರಿನಲ್ಲೇ ಉಳಿದರು. ಬೆಳಿಗ್ಗೆ ಎಂಟಕ್ಕೆ ಬಂದು ಕುರ್ಚಿ ಹಿಡಿಯುತ್ತಿದ್ದರು, ಅವರು ಎದ್ದಾಗ ಡ್ರೈವರುಗಳು ಸರದಿ ಹಚ್ಚುತ್ತಿದ್ದರು. ಒಂದು ವಾರ ಕಳೆದ ಮೇಲೆ ದೀಪದ ಬಾಕಿ ಕೆಲಸಕ್ಕೆ ನಾನು ಮತ್ತೆ ಹೋಗಿದ್ದೆ. ಹನ್ನೊಂದು ಗಂಟೆಯ ಹೊತ್ತಿಗೆ ಹೆದ್ದಾರಿಯಿಂದ ಒಂದು ಕಾರು ಇಳಿದು ಶೆಡ್ಡಿನ ಮುಂದೆ ನಿಂತಿತು. ಬಿಳಿ ಶರ್ಟು. ಯಜಮಾನರು ಹೇಳದೆ ಕೇಳದೆ ಬಂದಿದ್ದರು, ನಿಜವಾಗಲೂ ಜನ ಕೂರುತ್ತಾರಾ ಅಂತ ನೋಡಲು. ಕುರ್ಚಿಯಲ್ಲಿ ಮುದುಕರು ಕಣ್ಣು ಮುಚ್ಚಿ ಒರಗಿದ್ದರು. ಪಕ್ಕದಲ್ಲಿ ಇಬ್ಬರು ಡ್ರೈವರುಗಳು ಕಾಯುತ್ತಿದ್ದರು. ನಾನು ಓಡಿ ಮುದುಕರನ್ನು ಎಬ್ಬಿಸಲು ಹೋದೆ. ಅಕ್ಕ ನನ್ನ ತೋಳು ಹಿಡಿದಳು.

"ಕುಂತೋರನ್ನ ಎಬ್ಬಿಸಾಕಿಲ್ಲ. ಸ್ವಾಮಿ, ಬಂದಿದ್ದು ಒಳ್ಳೇದಾತು. ಈ ಇಬ್ರು ಆದ್ ಮ್ಯಾಲೆ ನಿಮ್ ಸರದಿ. ಟೀ ಕುಡೀರಿ."

ನಾಲ್ಕು ಮಿಷಿನ್‌ಗಳ ಹಿಂದೆ ನಾಲ್ಕು ಹೆಂಗಸರೂ ತುಳಿಯುವುದು ನಿಲ್ಲಿಸಿ ಇತ್ತಲೇ ನೋಡುತ್ತಿದ್ದರು. ಯಜಮಾನರು ಅಕ್ಕನನ್ನು ನೋಡಿದರು, ಕುರ್ಚಿಯನ್ನು ನೋಡಿದರು, ಕಾರಿನ ಕಡೆಯೂ ಒಂದು ಸಲ ನೋಡಿದರು. ಆಮೇಲೆ ಟೀ ತಗೊಂಡು ಸರದಿಯಲ್ಲಿ ನಿಂತರು. ಮುಕ್ಕಾಲು ಗಂಟೆ ನಿಂತರು. ತಮ್ಮ ಸರದಿ ಬಂದಾಗ ಕೂತು, ಹೆದ್ದಾರಿಯ ಲಾರಿಗಳನ್ನು ನೋಡುತ್ತ ಅರ್ಧ ಗಂಟೆ ಒರಗಿದ್ದರು.

"ನಲವತ್ತು ಕುರ್ಚಿ ಮಾಡಿ" ಅಂದರು. "ಎಂಟು ದಿನ ಅಂದಿದ್ರಲ್ಲ, ನನಗೆ ಹದಿನೈದು ದಿನ ಕೂರಿಸಿ ಕೊಡಿ."

ಒಳಗೆ ಒಬ್ಬ ಹೆಂಗಸು ಅತ್ತೇಬಿಟ್ಟಳು. ಅಕ್ಕ ಮಾತ್ರ ತಲೆ ಅಲ್ಲಾಡಿಸಿದಳು.

"ಎಂಟೇ ದಿನ ಸ್ವಾಮಿ. ಹದಿನೈದು ದಿನ ಕುಂತ್ರೆ ಅದು ನಮ್ ಡ್ರೈವರ್‌ಗೋಳ ಕುರ್ಚಿ ಆಗ್ತೈತೆ, ನಿಮ್ದಾಗಾಕಿಲ್ಲ."